ಮೇಲಿನ ಡೆಕ್ಕಿನ ಬಾಗಿಲು

ಆ ಒಂದು ಬಾಗಿಲಿಗೋಸ್ಕರವೇ ಬೇಕರಿಯಮ್ಮ ಹಡಗಿನ ಅತಿ ದುಬಾರಿ ಕೋಣೆ ಹಿಡಿದಿದ್ದಳು.

ಗಾಜಿನ ಬಾಗಿಲು ಅದು, ಹಡಗಿನ ತೀರಾ ಮೇಲಿನ ಡೆಕ್ಕಿನಲ್ಲಿತ್ತು. ಅದರ ಒಳಗಡೆ ಸೂಟ್ ಎಂದು ಕರೆಯುವ ದೊಡ್ಡ ಕೋಣೆಗಳು, ಆ ಕೋಣೆಗಳವರಿಗೇ ಮೀಸಲಾದ ಚಿಕ್ಕ ಈಜುಕೊಳ, ಪುಟ್ಟದೊಂದು ಊಟದ ಮನೆ, ಚಪ್ಪರದ ನೆರಳಲ್ಲಿ ಮೆತ್ತನೆಯ ಒರಗುಕುರ್ಚಿಗಳು. ಕಾರ್ಡು ತೋರಿಸದೆ ಯಾರೂ ಒಳಗೆ ಬರುವಂತಿರಲಿಲ್ಲ, ಹೊರಗೆ ಹೋಗುವುದಕ್ಕೂ ಕಾರ್ಡು ಬೇಕು. ಬಾಗಿಲ ಪಕ್ಕ ಬಿಳಿ ಅಂಗಿ ತೊಟ್ಟ ನಡುವಯಸ್ಸಿನವನೊಬ್ಬ ಬೆಳಗಿನಿಂದ ದೀಪ ಹಚ್ಚುವವರೆಗೂ ನಿಂತಿರುತ್ತಿದ್ದ. ಒಳಗಿನವರ ಮುಖಗಳೆಲ್ಲ ಅವನಿಗೆ ಗೊತ್ತು.

ಬೇಕರಿಯಮ್ಮನ ಗಂಡನಿಗೆ ನಡೆಯುವ ಚಟ. ಚಟ ಅಂತ ಅವಳು ಹೊರಗಿನವರಿಗೆ ಹೇಳುತ್ತಿದ್ದದ್ದು. ನಿಜದಲ್ಲಿ ಅದು ಕಾಯಿಲೆ. ಮೊದಲು ಬ್ರೆಡ್ಡಿಗೆ ಉಪ್ಪು ಹಾಕಿದ್ದನ್ನು ಮರೆತು ಮತ್ತೆ ಹಾಕಿದ. ಆಮೇಲೆ ಒಲೆ ಆರಿಸುವುದು ಮರೆತ. ಒಂದು ದಿನ ಏಪ್ರನ್ ಕಟ್ಟಿಕೊಂಡೇ ಅಂಗಡಿಯಿಂದ ಇಳಿದು ಹೋದವನು ಪಕ್ಕದ ಊರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಕೇಳಿದ್ದಕ್ಕೆ, "ಅಂಗಡಿ ತೆಗೀಬೇಕಲ್ಲ, ಅದಕ್ಕೇ ಬಂದೆ" ಅಂದ. ಅಂದಿನಿಂದ ಬೇಕರಿಯಮ್ಮ ಮನೆಗೆ ಒಳಗಿನಿಂದ ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡತೊಡಗಿದಳು. ಅವನು ಬಾಗಿಲು ಬಡಿಯುತ್ತಿದ್ದ. ಬಡಿದು ಬಡಿದು ಮುಂಗೈ ಬಾತುಕೊಂಡರೂ ಬಿಡುತ್ತಿರಲಿಲ್ಲ. ಅವನು ಕಣ್ಣು ಮುಚ್ಚಿದಾಗ ಇವಳೂ ಮುಚ್ಚುವುದು, ಅವನು ಮಗ್ಗುಲು ಬದಲಿಸಿದರೆ ಎದ್ದು ಕೂರುವುದು. ಹೀಗೇ ವರ್ಷಗಳು ಕಳೆದಿದ್ದವು.

ಬೇರೆ ಊರಿನಲ್ಲಿ ಶಾಲೆಯ ಟೀಚರ್ ಆಗಿದ್ದ ಮಗಳು ಫೋನ್ ಮಾಡಿದಾಗಲೆಲ್ಲ, "ಅಪ್ಪನಿಗೆ ಏನಾಗಿದೆ? ಚೆನ್ನಾಗೇ ಇದ್ದಾರೆ. ವಯಸ್ಸಾಯ್ತು, ಸ್ವಲ್ಪ ಮರೆವು ಅಷ್ಟೆ" ಅನ್ನುತ್ತಿದ್ದಳು. ಬೇಕರಿ ಮಾರಿದ ಮೇಲೆ ಹಡಗಿನ ಮಾತು ತೆಗೆದಾಗ ಮಗಳು ತಾನೂ ಬರುತ್ತೇನೆಂದಳು. "ನಿನ್ನ ಕೆಲಸ ನೋಡ್ಕೋ, ನಾವಿಬ್ಬರೂ ಹೊಸ ಮದುವೆಯವರ ಥರ ಹೋಗಿ ಬರ್ತೀವಿ" ಎಂದು ನಗಿಸಿ ಬಾಯಿ ಮುಚ್ಚಿಸಿದಳು. ಟಿಕೆಟ್ ಕೊಡುವ ಹುಡುಗಿ ಆರೋಗ್ಯದ ಬಗ್ಗೆ ವಿಚಾರಿಸಿದಾಗಲೂ, "ಗುಂಡುಕಲ್ಲಿನ ಹಾಗಿದ್ದಾರೆ" ಎಂದು ಹೇಳಿಬಿಟ್ಟಿದ್ದಳು. ಇಲ್ಲದಿದ್ದರೆ ಎಲ್ಲಿ ಬೇಡ ಅನ್ನುತ್ತಾರೋ ಎಂಬ ಭಯ.

ಹಡಗು ಹತ್ತಿದ ಮೊದಲ ದಿನಗಳು ಅವಳಿಗೆ ಕನಸಿನಂತಿದ್ದವು. ಗಂಡ ಈಜುಕೊಳದ ಸುತ್ತ ನಡೆಯುತ್ತಿದ್ದ, ಊಟದ ಮನೆಯ ಹಿಂದಿನಿಂದ ಹಾದು, ಗಾಜಿನ ಬಾಗಿಲವರೆಗೆ ಬರುತ್ತಿದ್ದ.

"ಯಜಮಾನ್ರೇ, ಎಲ್ಲಿಗೆ ಸವಾರಿ?" ಎಂದು ಬಾಗಿಲಿನವನು ಕೇಳುತ್ತಿದ್ದ.

"ಅಂಗಡಿ ತೆಗೀಬೇಕು."

"ಇವತ್ತು ರಜಾ ಅಲ್ವಾ?"

"ರಜಾನಾ? ಯಾರು ಹೇಳಿದ್ದು?"

"ಅಮ್ಮಾವ್ರೇ ಹೇಳಿದ್ರು."

"ಅವಳು ಹೇಳಿದ್ಲಾ? ಹಾಗಾದ್ರೆ ಸರಿ." ಎಂದು ತಿರುಗಿ ಹೊರಡುತ್ತಿದ್ದ. ಬೀಗವಿಲ್ಲ, ಬಡಿತವಿಲ್ಲ, ಜಗಳವಿಲ್ಲ. ಒಂದು ಮಧ್ಯಾಹ್ನ ಒರಗುಕುರ್ಚಿಯಲ್ಲಿ ಬೇಕರಿಯಮ್ಮ ಬಾಯಿ ತೆರೆದುಕೊಂಡು ನಿದ್ದೆ ಹೋದಳು. ಎಚ್ಚರವಾದಾಗ ಗಂಡ ಕೊಳದ ಆಚೆ ಬದಿಯಲ್ಲಿ ಹೆಜ್ಜೆ ಹಾಕುತ್ತಲೇ ಇದ್ದ. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅವಳು ಅತ್ತಳು.

ಮರುದಿನ ತಿಂಡಿಯ ಹೊತ್ತಿಗೆ ಧ್ವನಿವರ್ಧಕದಲ್ಲಿ ಸಕ್ಕರೆಯಂಥ ದನಿಯೊಂದು ಮಾತಾಡಿತು. ಎಲ್ಲ ಪ್ರಯಾಣಿಕರಿಗೂ ಸಂತಸದ ಸುದ್ದಿ. ಈವರೆಗೆ ಸೂಟಿನವರಿಗೆ ಮಾತ್ರ ಸೀಮಿತವಾಗಿದ್ದ ಮೇಲಿನ ಡೆಕ್ಕಿನ ಸೌಲಭ್ಯಗಳನ್ನು ನಾಳೆಯಿಂದ ಶುಲ್ಕ ಕೊಟ್ಟು ಯಾರು ಬೇಕಾದರೂ ಪಡೆಯಬಹುದು. ಅರ್ಧ ದಿನಕ್ಕೂ ಉಂಟು, ಇಡೀ ದಿನಕ್ಕೂ ಉಂಟು.

ಬೇಕರಿಯಮ್ಮನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಗಂಡನ ಕೈ ಹಿಡಿದುಕೊಂಡೇ ಹಡಗಿನ ಮ್ಯಾನೇಜರ್ ಕಚೇರಿಗೆ ಇಳಿದಳು. ಮ್ಯಾನೇಜರ್ ಎದ್ದು ನಿಂತು ನಮಸ್ಕರಿಸಿ ಕೂರಿಸಿದಳು, ನೀರು ತರಿಸಿದಳು.

"ನಾವು ಇಷ್ಟು ಸುರಿದದ್ದು ಯಾಕೆ ಹೇಳಿ? ಅಲ್ಲಿ ಬೇರೆಯವರು ಬರಲ್ಲ ಅಂತ ತಾನೇ?"

"ನಿಮ್ಮ ಸೌಲಭ್ಯ ಒಂದೂ ಕಡಿಮೆ ಆಗಲ್ಲ ಅಮ್ಮ. ಕುರ್ಚಿ, ಊಟ, ಸೇವೆ, ಎಲ್ಲ ಹಾಗೇ ಇರುತ್ತೆ. ಈ ಸಲ ಸುಮಾರು ಸೂಟ್‌ಗಳು ಖಾಲಿ ಹೋಗಿವೆ, ಮೇಲಿನವರ ತೀರ್ಮಾನ ಇದು. ನನ್ನ ಕೈಲಿ ಏನೂ ಇಲ್ಲ."

"ಜನ ಬರ್ಲಿ. ಆ ಬಾಗಿಲು ಹಾಕೇ ಇರಲಿ, ಅಷ್ಟು ಸಾಕು."

"ಬಾಗಿಲಾ?" ಮ್ಯಾನೇಜರ್ ಹುಬ್ಬೇರಿಸಿದಳು. "ಬಾಗಿಲು ಯಾಕಮ್ಮ?"

ಬೇಕರಿಯಮ್ಮನ ನಾಲಿಗೆ ತುದಿಗೆ ಬಂದದ್ದು ಅಲ್ಲೇ ಉಳಿಯಿತು. ಪಕ್ಕದಲ್ಲಿ ಗಂಡ ಮೇಜಿನ ಮೇಲಿದ್ದ ಪೆನ್ನುಗಳನ್ನು ಬಿಸ್ಕತ್ತಿನ ಹಾಗೆ ಸಾಲಾಗಿ ಜೋಡಿಸುತ್ತಿದ್ದ. ನಿಜ ಹೇಳಿದರೆ ಮುಂದಿನ ಬಂದರಿನಲ್ಲೇ ಗಂಟುಮೂಟೆ ಕಟ್ಟಿಸುತ್ತಾರೆ. "ಗಾಳಿ ಜಾಸ್ತಿ, ಅದಕ್ಕೆ" ಎಂದು ಏನೋ ಹೇಳಿ ಎದ್ದಳು.

ಮರುದಿನ ಬೆಳಿಗ್ಗೆ ಗಾಜಿನ ಬಾಗಿಲನ್ನು ಪೂರ್ತಿ ತೆರೆದು, ದಪ್ಪ ಹಗ್ಗದಿಂದ ಗೋಡೆಯ ಕೊಂಡಿಗೆ ಕಟ್ಟಿದ್ದರು. ಬಾಗಿಲಿನವನನ್ನು ಒಂದು ಮೇಜಿನ ಹಿಂದೆ ಕೂರಿಸಿದ್ದರು. ಬಂದವರ ಮಣಿಕಟ್ಟಿಗೆ ನೀಲಿ ಕಾಗದದ ಪಟ್ಟಿ ಸುತ್ತಿ ಅಂಟಿಸುವುದು ಅವನ ಹೊಸ ಕೆಲಸ. ಸಾಲು ಮೆಟ್ಟಿಲವರೆಗೂ ಇತ್ತು. ಕಾಲು ಗಂಟೆಯೊಳಗೆ ಕೊಳ ತುಂಬಿತು, ಚಪ್ಪರದಡಿ ಚೀಲಗಳೂ ಚಪ್ಪಲಿಗಳೂ ಹರಡಿಕೊಂಡವು, ಯಾರದೋ ಮಗು ಕಿರುಚಿತು. ನಡೆಯಲು ಜಾಗವಿಲ್ಲದೆ ಗಂಡ ಜನರ ನಡುವೆ ನಿಂತು ನಿಂತು ದಾರಿ ಹುಡುಕುತ್ತಿದ್ದ. ಬೇಕರಿಯಮ್ಮ ಅವನ ತೋಳಿಗೆ ತೋಳು ಸೇರಿಸಿ ಸುತ್ತು ಹಾಕಿದಳು. ಕೆಲವು ಸುತ್ತಿಗೇ ಮಂಡಿ ಹಿಡಿದುಕೊಂಡಿತು. ಕೊನೆಗೆ ಎರಡು ಒರಗುಕುರ್ಚಿಗಳ ಮೇಲೆ ಟವೆಲ್ ಹಾಸಿ, "ಇಲ್ಲಿ ಕೂತ್ಕೊಳ್ಳಿ ರೀ, ಒಂದು ನಿಮಿಷ" ಅಂದಳು.

ಅವನು ಕೂರುವ ಮೊದಲೇ ಹಳದಿ ಟೋಪಿ ಹಾಕಿದ ಹೆಂಗಸೊಬ್ಬಳು ಬಂದು ಆ ಕುರ್ಚಿಯಲ್ಲಿ ಕುಳಿತುಬಿಟ್ಟಳು. ಬೇಕರಿಯಮ್ಮನಿಗಿಂತ ಚಿಕ್ಕವಳು, ಕಣ್ಣ ಕೆಳಗೆ ಕಪ್ಪು.

"ಅದು ನಮ್ಮವರ ಜಾಗ," ಎಂದಳು ಬೇಕರಿಯಮ್ಮ.

"ನಿಮ್ಮವರು ನಿಂತಿದ್ದಾರಲ್ಲ. ಕೂರ್ತೀನಿ ಅಂದಾಗ ಏಳ್ತೀನಿ ಬಿಡಿ."

"ಟವೆಲ್ ಹಾಕಿದ್ದು ಕಾಣಿಸಲ್ವಾ? ನಾವು ಸೂಟಿನವರು."

"ನಾನೇನು ಪುಕ್ಕಟೆ ಬಂದಿದ್ದೀನಾ?" ಹಳದಿ ಟೋಪಿಯವಳು ನೀಲಿ ಪಟ್ಟಿಯ ಕೈ ಎತ್ತಿ ತೋರಿಸಿದಳು. "ಮಧ್ಯಾಹ್ನದವರೆಗೆ ಇರ್ತೀನಿ, ಆಮೇಲೆ ನಿಮ್ಮ ಸಿಂಹಾಸನ ನೀವೇ ಇಟ್ಕೊಳ್ಳಿ. ಬಿಸಿಲಿಗೆ ಮೈಯೊಡ್ಡಿ ಎಷ್ಟು ಕಾಲ ಆಯ್ತು ಗೊತ್ತಾ ನನಗೆ?"

"ನಿಮ್ಮ ಬಿಸಿಲು ಕಟ್ಟಿಕೊಂಡು ನನಗೇನು? ಎದ್ದೇಳಿ ಮೊದಲು!"

ಬೇಕರಿಯಮ್ಮ ಜೀವಮಾನದಲ್ಲಿ ಗಿರಾಕಿಗಳ ಮೇಲೆ ದನಿ ಏರಿಸಿದವಳಲ್ಲ. ಈಗ ಒಳಗೆ ಗೂಡುಕಟ್ಟಿಕೊಂಡಿದ್ದದ್ದೆಲ್ಲ ಒಂದೇ ಏಟಿಗೆ ಹೊರಬಂತು. ಸುತ್ತಲಿನವರು ಕತ್ತು ತಿರುಗಿಸಿದರು. ಹಳದಿ ಟೋಪಿಯವಳೂ ಬಿಡಲಿಲ್ಲ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಯಾರೋ ಹಿರಿಯರು ಬೇರೆ ಕುರ್ಚಿ ಎಳೆದು ತಂದಿಟ್ಟು, "ಬಿಡಿಯಮ್ಮ, ಇದರಲ್ಲಿ ಕೂರಿಸಿ" ಎಂದಾಗ ಬೇಕರಿಯಮ್ಮ ತಿರುಗಿ ನೋಡಿದಳು.

ಗಂಡ ಇರಲಿಲ್ಲ.

ಕೊಳದ ಸುತ್ತ ಓಡಿದಳು. ಊಟದ ಮನೆಯ ಹಿಂದೆ ನೋಡಿದಳು. ತಮ್ಮ ಕೋಣೆಯ ಬಾಗಿಲು ತೆಗೆದು ಬಚ್ಚಲಿನ ಪರದೆಯ ಹಿಂದೆಯೂ ಇಣುಕಿದಳು. ಆಮೇಲೆ ಬಾಗಿಲಿನವನ ಮೇಜಿನ ಮುಂದೆ ಬಂದು ನಿಂತಳು. ಅವಳ ಮುಖ ನೋಡಿಯೇ ಅವನಿಗೆ ಅರ್ಥವಾಯಿತು.

"ಅಯ್ಯೋ ಅಮ್ಮ, ಪಟ್ಟಿ ಕಟ್ತಾ ತಲೆ ಬಗ್ಗಿಸಿದ್ದೆ. ಗುಂಪು ಹೋಗ್ತಾ ಇತ್ತು, ಬರ್ತಾ ಇತ್ತು..." ಎಂದು ಎದ್ದ. "ಬನ್ನಿ, ಕಚೇರಿಗೆ ಹೇಳೋಣ."

"ಬೇಡ. ಗೊತ್ತಾದ್ರೆ ಇಳಿಸಿಬಿಡ್ತಾರೆ. ನಾವೇ ಹುಡುಕೋಣ, ನಿನ್ನ ದಮ್ಮಯ್ಯ."

ಅವನು ಒಂದು ಗಳಿಗೆ ಸಾಲನ್ನು ನೋಡಿದ, ಅವಳನ್ನು ನೋಡಿದ. ಮೇಜು ಬಿಟ್ಟು ಹೊರಟ. ಅವನು ಮುಂಭಾಗಕ್ಕೆ, ಇವಳು ಹಿಂಭಾಗಕ್ಕೆ. ಒಂದರ ಕೆಳಗೆ ಒಂದು ಅಂತಸ್ತು, ಒಂದೇ ಬಣ್ಣದ ನೆಲಹಾಸು, ಒಂದೇ ಥರದ ಬಾಗಿಲುಗಳ ಓಣಿಗಳು. ನೆಟ್ಟಗಿರುವವರಿಗೇ ದಾರಿ ತಪ್ಪುವ ಜಾಗ. ಅಂಗಡಿಗಳ ಸಾಲು, ಸಿನಿಮಾ ಕೋಣೆಯ ಕತ್ತಲು, ಮಕ್ಕಳ ಆಟದ ಮನೆ, ಎಲ್ಲ ಕಡೆ ನುಗ್ಗಿದಳು. ಅಡುಗೆಮನೆಯ ಬ್ರೆಡ್ಡಿನ ವಾಸನೆ ಹಿಡಿದು ಹೋಗಿರಬಹುದೆಂದು ಅಲ್ಲಿಗೂ ಹೋದಳು. ಅಡುಗೆಯವರು ಹೊರಗೇ ತಡೆದರು. "ಬಿಳಿ ತಲೆ, ಕಂದು ಸ್ವೆಟರ್, ನೋಡಿದ್ರಾ?" ಎಂದು ಕೇಳುತ್ತಾ ಹೋದಳು. ಹಡಗಿನ ಅರ್ಧ ಜನ ಬಿಳಿ ತಲೆಯವರೇ.

ಬಾಗಿಲಿನವನು ಮೆಟ್ಟಿಲಲ್ಲಿ ಎದುರಾದ. ಕೈ ಖಾಲಿ. "ಇನ್ನು ಸಾಕಮ್ಮ. ನೀವು ಹೇಳದಿದ್ರೆ ನಾನೇ ಹೇಳ್ತೀನಿ," ಎಂದ.

ಭದ್ರತಾ ಅಧಿಕಾರಿ ಕುಳ್ಳಗಿನ ಮನುಷ್ಯ. ಗಟ್ಟಿಯಾಗಿ ಮಾತಾಡಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಅವಳು ಎಲ್ಲ ಹೇಳಿದಳು. ಕಾಯಿಲೆ, ಬೀಗ, ಸುಳ್ಳು. ಅವನು ಗದರಲಿಲ್ಲ.

"ಈಜು ಬರುತ್ತಾ ಅವರಿಗೆ?"

"ಇಲ್ಲ."

"ಮನಸ್ಸಿಗೆ ಬೇಜಾರು ಅಂಥದ್ದು ಏನಾದ್ರೂ? ನೀರಿಗೆ ಇಳಿಯೋ ಮಾತು ಯಾವತ್ತಾದ್ರೂ..."

"ಅವರಿಗೆ ಬೇಜಾರು ಅನ್ನೋದೂ ನೆನಪಿರಲ್ಲ ಸ್ವಾಮಿ."

ಕ್ಯಾಮೆರಾದ ಪರದೆಯಲ್ಲಿ ಗಂಡನನ್ನು ತೋರಿಸಿದರು. ಹಗ್ಗ ಕಟ್ಟಿದ ಬಾಗಿಲಿನಿಂದ ಒದ್ದೆ ಮೈಯ ಜನರ ಜೊತೆ, ಮದುವೆ ಮುಗಿಸಿ ಹೊರಟವನ ಹಾಗೆ, ನಿರಾಳವಾಗಿ ಹೊರಬರುತ್ತಿದ್ದ. ಮೆಟ್ಟಿಲಿಳಿದ. ಇನ್ನೂ ಇಳಿದ. ಕೊನೆಗೆ ಪ್ರಯಾಣಿಕರ ಅತಿ ಕೆಳಗಿನ ಅಂತಸ್ತಿನ ಓಣಿಯೊಂದರಲ್ಲಿ ಅವನ ಬೆನ್ನು ಕಾಣಿಸಿತು, ಆಮೇಲಿಲ್ಲ. ಆ ಓಣಿಯ ತುದಿಯಲ್ಲಿ ಹೊರಗಿನ ಡೆಕ್ಕಿಗೆ ಹೋಗುವ ಕಬ್ಬಿಣದ ಬಾಗಿಲೊಂದಿತ್ತು. ಅಲ್ಲಿಯ ಕ್ಯಾಮೆರಾ ಕೆಟ್ಟಿತ್ತು.

ಅಧಿಕಾರಿ ಫೋನ್ ಎತ್ತಿ ಮೆಲ್ಲಗೆ ಏನೋ ಹೇಳಿದ. ಸ್ವಲ್ಪ ಹೊತ್ತಿಗೆ ಕಾಲಡಿಯ ನೆಲದ ಗುಡುಗುಡು ಬದಲಾಯಿತು. ಹಡಗು ವೇಗ ತಗ್ಗಿಸಿತ್ತು. ಬೇಕರಿಯಮ್ಮನನ್ನು ಹೊರಗಿನ ಡೆಕ್ಕಿಗೆ ಕರೆದುಕೊಂಡು ಹೋದರು. ಆಗಲೇ ಜನ ಸಾಲಾಗಿ ಬಗ್ಗಿ ನೀರು ನೋಡುತ್ತಿದ್ದರು, ಕೆಲವರ ಕೈಯಲ್ಲಿ ಫೋನು. ನೀರು ಎಲ್ಲೆಲ್ಲೂ ಒಂದೇ ಥರ ಇತ್ತು. ಅದರಲ್ಲಿ ಕಂದು ಸ್ವೆಟರನ್ನು ಹುಡುಕುತ್ತಾ ಅವಳು ಕಂಬಿ ಹಿಡಿದು ನಿಂತಳು.

ಎಷ್ಟೋ ವರ್ಷಗಳ ಬಳಿಕ ಅವಳ ಎರಡೂ ಕೈ ಖಾಲಿಯಿದ್ದವು. ಹಾಗೆ ನಿಂತಿದ್ದಾಗ ಒಂದು ಯೋಚನೆ ಬಂತು: ಮುಗಿದುಹೋಗಿದ್ದರೆ? ಹುಡುಕುವುದು ಇನ್ನಿಲ್ಲ. ಬೀಗ ಇನ್ನಿಲ್ಲ. ಎದೆಯ ಮೇಲಿನ ಭಾರ ಜಾರಿ ಹಗುರಾದಂತಾಯಿತು. ಮರುಗಳಿಗೆಗೆ ತಾನು ಏನು ಯೋಚಿಸಿದೆ ಎಂಬುದು ತಿಳಿದು, ಕಂದು ಸ್ವೆಟರಿಗಾಗಿ ಕಂಬಿಯ ಮೇಲೆ ಇನ್ನಷ್ಟು ಬಗ್ಗಿದಳು. ಪಕ್ಕದಲ್ಲಿದ್ದವರು ಅವಳೇ ಹಾರುತ್ತಾಳೆಂದುಕೊಂಡು ಭುಜ ಹಿಡಿದರು.

ಅಷ್ಟರಲ್ಲಿ ಒಳಗಿನಿಂದ ಕೂಗು ಕೇಳಿಸಿತು. ಹೆಣ್ಣಿನ ದನಿ. ಅಧಿಕಾರಿ ಓಡಿದ, ಬೇಕರಿಯಮ್ಮ ಅವನ ಹಿಂದೆ.

ಓಣಿಯ ನಡುವಿನ ಒಂದು ಬಾಗಿಲು ತೆರೆದಿತ್ತು. ಕಿಟಕಿಯಿಲ್ಲದ, ಎರಡು ಮಂಚ ಹಿಡಿಸುವಷ್ಟೇ ಅಗಲದ ಕೋಣೆ. ಔಷಧಿಯ, ಮೂತ್ರದ ವಾಸನೆ. ಮಂಚಕ್ಕೂ ಗೋಡೆಗೂ ನಡುವೆ ನೆಲದ ಮೇಲೆ ಮುದುಕಿಯೊಬ್ಬಳು ಬಿದ್ದಿದ್ದಳು. ಅವಳ ಕಂಕುಳಿಗೆ ಕೈ ಕೊಟ್ಟು ಎತ್ತಲು ಹೆಣಗುತ್ತಿದ್ದವನು ಬೇಕರಿಯಮ್ಮನ ಗಂಡ. ಹಳದಿ ಟೋಪಿಯವಳು ಅವನ ಬೆನ್ನಿಗೆ ಎರಡೂ ಕೈಯಿಂದ ಗುದ್ದುತ್ತಿದ್ದಳು.

"ಬಿಡೋ! ಬಿಡೋ ನಮ್ಮಮ್ಮನ್ನ!"

"ಏಳಮ್ಮ, ಹೊತ್ತಾಯ್ತು. ಮನೆಗೆ ಹೋಗೋಣ," ಎಂದು ಅವನು ಮುದುಕಿಗೆ ಹೇಳುತ್ತಿದ್ದ. ಗುದ್ದು ಅವನಿಗೆ ತಾಗಿದಂತೆಯೇ ಇರಲಿಲ್ಲ. ಮುದುಕಿಗೆ ಮಾತು ಬರುತ್ತಿರಲಿಲ್ಲ. ಪಾರ್ಶ್ವವಾಯು ಹೊಡೆದು ಬಾಯಿ ಸೊಟ್ಟಗಾಗಿತ್ತು. ಕಣ್ಣು ಮಾತ್ರ ಧಾರೆಯಾಗಿ ಹರಿಯುತ್ತಿತ್ತು. ಒಂದು ಕೈ ಮಡಿಸಬಾರದ ಕಡೆ ಮಡಿಸಿಕೊಂಡಿತ್ತು.

ಬೇಕರಿಯಮ್ಮ ಗಂಡನ ಕೈ ಬಿಡಿಸಿದಳು. ಅವನು ಅವಳನ್ನು ಗುರುತಿಸಿ, ದೂರು ಹೇಳುವ ದನಿಯಲ್ಲಿ ಅಂದ: "ನೋಡೇ, ಅಮ್ಮನ್ನ ಒಬ್ಬಳನ್ನೇ ಕತ್ತಲಲ್ಲಿ ಬಿಟ್ಟು ಹೋಗಿದ್ದಾರೆ."

ಗುದ್ದಲು ಎತ್ತಿದ್ದ ಹಳದಿ ಟೋಪಿಯವಳ ಕೈ ಹಾಗೇ ಕೆಳಗಿಳಿಯಿತು. ಅವಳು ಕೋಣೆ ಗುಡಿಸುವವಳಿಗೆ ಆಗಾಗ ಅಮ್ಮನನ್ನು ನೋಡುತ್ತಿರಲು ಹೇಳಿ, ಬಾಗಿಲು ಮುಚ್ಚಿಕೊಳ್ಳದಂತೆ ಸಂದಿಗೆ ಚಪ್ಪಲಿ ಸಿಕ್ಕಿಸಿ ಮೇಲೆ ಬಂದಿದ್ದಳು. ಅರ್ಧ ದಿನದ ಬಿಸಿಲಿಗೆಂದು.

ಹಡಗಿನ ವೈದ್ಯ ಬಂದು ಮುದುಕಿಯ ಕೈಗೆ ಹಲಗೆ ಕಟ್ಟಿ, ದಡದ ಆಸ್ಪತ್ರೆಗೇ ಹೋಗಬೇಕೆಂದ. ಮ್ಯಾನೇಜರ್ ಬೇಕರಿಯಮ್ಮನ ಮುಂದೆ ನಿಂತು, "ಟಿಕೆಟ್ ತಗೊಳ್ಳೋವಾಗಲೇ ಹೇಳಿದ್ರೆ ಏನಾದ್ರೂ ವ್ಯವಸ್ಥೆ ಮಾಡ್ತಿದ್ವಿ ಅಮ್ಮ" ಅಂದಳು. ಅದು ನಿಜವೂ ಇರಬಹುದು. ಸಂಜೆ ಬಂದರಿನಲ್ಲಿ ನಾಲ್ವರನ್ನೂ ಇಳಿಸಿದರು. ಮೇಜು ಬಿಟ್ಟು ಹೋದದ್ದಕ್ಕೆ ಬೈಸಿಕೊಂಡಿದ್ದ ಬಾಗಿಲಿನವನು ಅವಳ ಪೆಟ್ಟಿಗೆಗಳನ್ನು ಹಡಗಿನ ಏಣಿಯ ಕೆಳಗಿನವರೆಗೆ ತಂದುಕೊಟ್ಟ.

"ನನ್ನ ಕಣ್ಣು ತಪ್ಪಿತು ಅಮ್ಮ," ಎಂದ.

"ನನ್ನದೂ ತಪ್ಪಿತಲ್ಲಪ್ಪ," ಎಂದಳು ಅವಳು. ಅವನು ಗಂಡನ ಸ್ವೆಟರಿನ ಗುಂಡಿ ಹಾಕಿ, ಹಿಂತಿರುಗಿ ಹತ್ತಿಹೋದ.

ಆಸ್ಪತ್ರೆಯ ಓಣಿಯ ಬೆಂಚಿನ ಒಂದು ತುದಿಯಲ್ಲಿ ಬೇಕರಿಯಮ್ಮ, ಅವಳ ಮಡಿಲಲ್ಲಿ ಗಂಡನ ಕೈ. ಇನ್ನೊಂದು ತುದಿಯಲ್ಲಿ ಹಳದಿ ಟೋಪಿಯವಳು. ಟೋಪಿ ಎಲ್ಲೋ ಕಳೆದುಹೋಗಿ ಅವಳ ಕೂದಲು ಕೆದರಿತ್ತು. ಒಳಗೆ ಮುದುಕಿಯ ಮುರಿದ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕುತ್ತಿದ್ದರು.

"ನಿಮ್ಮ ಮೇಲೆ ದೂರು ಕೊಡಬೇಕು ಅಂದುಕೊಂಡಿದ್ದೆ," ಎಂದಳು ಅವಳು, ಇತ್ತ ನೋಡದೆ.

"ಕೊಡಿ."

"ಕೊಟ್ಟು ಏನು ಮಾಡ್ಲಿ? ಬಾಗಿಲಿಗೆ ಚಪ್ಪಲಿ ಇಟ್ಟವಳು ನಾನು. ಅಲ್ಲೂ ಬಂದು ಕೇಳ್ತಾರೆ, ಯಾಕೆ ಇಟ್ಟೆ ಅಂತ." ಆಮೇಲೆ ಇತ್ತ ತಿರುಗಿ ಕೇಳಿದಳು: "ಇವರು ಕಾಣದೇ ಇದ್ದಾಗ, ನೀರಿಗೆ ಬಿದ್ದಿದ್ದಾರೆ ಅಂತ ಎಲ್ಲರೂ ನೋಡ್ತಿದ್ದಾಗ, ನಿಮಗೆ ಏನನ್ನಿಸ್ತು?"

ಬೇಕರಿಯಮ್ಮ ಗಂಡನ ಕಡೆ ನೋಡಿದಳು. ಅವನು ಎದುರು ಗೋಡೆಯ ಗಡಿಯಾರವನ್ನು ದಿಟ್ಟಿಸುತ್ತಿದ್ದ.

"ಸಿಗದಿದ್ರೆ ಸಾಕಪ್ಪಾ ಅನ್ನಿಸ್ತು," ಎಂದಳು. "ಒಂದೇ ಒಂದು ಗಳಿಗೆ."

"ನನಗೆ ದಿನಾ ಅನ್ಸುತ್ತೆ," ಎಂದಳು ಅವಳು.

ಬೇಕರಿಯಮ್ಮ ಫೋನ್ ತೆಗೆದು ಮಗಳಿಗೆ ಕರೆ ಮಾಡಿದಳು. "ಅಮ್ಮಾ, ಹಡಗು ಹೇಗಿದೆ? ಅಪ್ಪ ಏನ್ಮಾಡ್ತಿದ್ದಾರೆ?" ಎಂದಿತು ಆ ಕಡೆಯ ದನಿ, ಹುಮ್ಮಸ್ಸಿನಿಂದ. ಎಂದಿನಂತೆ "ಚೆನ್ನಾಗಿದ್ದಾರೆ" ಎಂಬ ಮಾತು ತಾನಾಗಿಯೇ ಬಾಯಿಗೆ ಬಂತು. ಅದನ್ನು ನುಂಗಿಕೊಂಡಳು.

"ನನ್ನ ಕೈಲಿ ಆಗ್ತಿಲ್ಲ ಮಗಳೇ," ಎಂದಳು. "ಯಾವತ್ತೋ ಆಗೋದು ನಿಂತಿತ್ತು. ಬಾ."

ಮಗಳು ಏನೇನೋ ಕೇಳಿದಳು, ಅತ್ತಳು, ಬೈದಳು. ನಾಳೆ ಮಧ್ಯಾಹ್ನದೊಳಗೆ ಬರುತ್ತೇನೆಂದಳು.

ಮುದುಕಿಯನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಂದಾಗ ಬೀದಿ ದೀಪಗಳು ಹೊತ್ತಿಕೊಂಡಿದ್ದವು. ನರ್ಸ್ ಹತ್ತಿರದ ಒಂದು ವಸತಿಗೃಹದ ದಾರಿ ಹೇಳಿ ಟ್ಯಾಕ್ಸಿ ಕರೆಸಿಕೊಟ್ಟಳು. ಒಂದೇ ಟ್ಯಾಕ್ಸಿ ಸಿಕ್ಕಿದ್ದು. ಇಬ್ಬರು ಹೆಂಗಸರೂ ಸೇರಿ ಮುದುಕಿಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿದರು. ಎತ್ತುವಾಗ ಎಲ್ಲಿ ಕೈ ಕೊಡಬೇಕೆಂದು ಇಬ್ಬರಿಗೂ ಹೇಳಬೇಕಾಗಲಿಲ್ಲ. ಬೇಕರಿಯಮ್ಮನ ಗಂಡ ಮುಂದಿನ ಸೀಟಿನಲ್ಲಿದ್ದ. ಅವನ ದನಿ ಕೇಳಿದ ಕೂಡಲೇ ಮುದುಕಿಯ ಮೈ ನಡುಗಿತು. ಹಳದಿ ಟೋಪಿಯವಳು ಅಮ್ಮನ ಕಣ್ಣಿಗೆ ಅಂಗೈ ಅಡ್ಡ ಹಿಡಿದಳು, ಆದರೆ ಇಳಿಯುತ್ತೇನೆ ಅನ್ನಲಿಲ್ಲ.

ಟ್ಯಾಕ್ಸಿ ಹೊರಟಿತು. ಗಂಡ ಗಾಜಿನಾಚೆ ನೋಡುತ್ತಾ, ಹುಟ್ಟಿ ಬೆಳೆದ ಬೀದಿಯೇನೋ ಎಂಬ ಹಾಗೆ, "ಮುಂದಿನ ತಿರುವಲ್ಲಿ ಎಡಕ್ಕೆ ತಗೊಳ್ಳಿ, ಬೇಗ ಆಗುತ್ತೆ" ಎಂದು ಚಾಲಕನಿಗೆ ಹೇಳಿದ.

ಚಾಲಕ ವೇಗ ತಗ್ಗಿಸಿ, ಕನ್ನಡಿಯಲ್ಲಿ ಹಿಂದೆ ನೋಡಿದ. "ಎಡಕ್ಕಾ ಅಮ್ಮ?"

"ಇಲ್ಲಪ್ಪ," ಎಂದಳು ಬೇಕರಿಯಮ್ಮ. "ಅವರಿಗೆ ಮೈ ಹುಷಾರಿಲ್ಲ. ನೀನು ನೇರ ಹೋಗು."